ಚಿಪ್ಪಿನ ರಾಶಿಯಲ್ಲಿ ಹುಟ್ಟುವ ಸೊಳ್ಳೆ

ತಿಪಟೂರು ಸೀಮೆಯ ಉಂಡೆ ಕೊಬ್ಬರಿಗೆ ತಾಳ್ಮೆ ಬೇಕು. ಕಾಯಿ ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಒಣಗಿದ ಮೇಲೇ ಸುಲಿದು ಚಿಪ್ಪು ಒಡೆಯುವುದು. ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಹಿತ್ತಲಲ್ಲಿ ರಾಶಿ ಬೀಳುತ್ತದೆ. ಇದ್ದಿಲಿಗೆ ಕೊಳ್ಳುವವರು ಬಂದು ಒಯ್ಯುವುದರೊಳಗೆ ಒಂದು ಹದ ಮಳೆ ಬಿದ್ದರೆ, ಅಂಗಾತ ಬಿದ್ದ ಚಿಪ್ಪುಗಳಲ್ಲೆಲ್ಲ ನೀರು ನಿಲ್ಲುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಎಳನೀರು ಬುರುಡೆಗಳೂ ಇಲಿ, ಅಳಿಲು ಕೊರೆದು ಬೀಳಿಸಿದ ಕಾಯಿಗಳೂ ಇದಕ್ಕೆ ಸೇರುತ್ತವೆ. ಈಡಿಸ್ ಜಾತಿಯ ಸೊಳ್ಳೆಗೆ ಇಷ್ಟು ನೀರು ಧಾರಾಳವಾಯಿತು.

ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಹಗಲಲ್ಲೇ ಕಚ್ಚುವ ಅಭ್ಯಾಸ. ಚರಂಡಿಯ ಕೊಳಕು ನೀರು ಇದಕ್ಕೆ ಅಷ್ಟಾಗಿ ಒಗ್ಗದು. ಹೆಣ್ಣು ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಇಂಗಿದರೂ ಅವು ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿ ಕೂತಿದ್ದು, ಮುಂದಿನ ಮಳೆಗೆ ಮರಿಯಾಗುತ್ತವೆ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು ಎಂದು ಆಶಾ ಕಾರ್ಯಕರ್ತೆಯರು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಸೋಂಕು ಎಂದರೆ ರೋಗಾಣು ದೇಹ ಹೊಕ್ಕು ಬೆಳೆಯುವುದು. ಸೋಂಕಿನ ರೋಗಗಳೆಲ್ಲ ಅಂಟುರೋಗಗಳಲ್ಲ. ದಡಾರ ಉಸಿರಿನಿಂದ ಹರಡುತ್ತದೆ, ಕಾಲರಾ ಕಲುಷಿತ ನೀರಿನಿಂದ. ಡೆಂಗಿ, ಚಿಕುನ್‌ಗುನ್ಯಾಗಳಿಗೆ ನಡುವೆ ಒಂದು ಜೀವಿ ಬೇಕು; ಅದೇ ರೋಗವಾಹಕ, ಇಲ್ಲಿ ಈಡಿಸ್ ಸೊಳ್ಳೆ. ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಮಲಗಿದಾಗ ಮುಟ್ಟಿದ್ದರಿಂದಲೇ ಬಂತು ಎನ್ನಿಸುವುದು ಸಹಜ. ಆದರೆ ಈ ಸೊಳ್ಳೆ ಒಬ್ಬರ ರಕ್ತದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ, ಅಲುಗಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ.

ಸೊಳ್ಳೆ ಬರಿಯ ಸೂಜಿಯೂ ಅಲ್ಲ. ರೋಗಿಯ ರಕ್ತದ ಜೊತೆ ಹೊಟ್ಟೆ ಸೇರಿದ ವೈರಸ್ಸು ಅಲ್ಲಿ ಬೆಳೆದು ಜೊಲ್ಲಿನ ಗ್ರಂಥಿ ಮುಟ್ಟಬೇಕು. ಡೆಂಗಿಗೆ ಇದಕ್ಕೆ ಸುಮಾರು 8ರಿಂದ 12 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಸೊಳ್ಳೆ ಕಚ್ಚಿದರೂ ರೋಗ ದಾಟದು. ಆಮೇಲೆ ಬದುಕಿರುವಷ್ಟು ದಿನವೂ ದಾಟಿಸಬಲ್ಲದು. ಮನುಷ್ಯರೊಳಗಿನ ಕಾವಿನ ಅವಧಿ ಬೇರೆ: ಡೆಂಗಿ ಸೋಂಕು ತಗುಲಿ ಜ್ವರ ಕಾಣಲು 4ರಿಂದ 10 ದಿನ, ಚಿಕುನ್‌ಗುನ್ಯಾಕ್ಕೆ ಸಾಮಾನ್ಯವಾಗಿ 3ರಿಂದ 7 ದಿನ. ಊರಿನಲ್ಲಿ ಮೊದಲ ಜ್ವರ ಕಾಣುವ ಹೊತ್ತಿಗೆ ಸರಪಳಿ ಆಗಲೇ ಒಂದೆರಡು ಕೊಂಡಿ ಮುಂದೆ ಹೋಗಿರುತ್ತದೆ.

2006ರಲ್ಲಿ ರಾಜ್ಯ ಇದನ್ನು ಕಣ್ಣಾರೆ ಕಂಡಿತು. ದೇಶದಲ್ಲಿ ಆ ವರ್ಷ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ತುಮಕೂರು ಜಿಲ್ಲೆಯೂ ನರಳಿತು. ತೋಟಕ್ಕೆ ಹೋಗುತ್ತಿದ್ದವರು ಗೋಡೆ ಹಿಡಿದು ನಡೆದರು, ಕೀಲುನೋವು ಕೆಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಭಾರತದಲ್ಲಿ ಅದಕ್ಕೆ ಹಿಂದೆ ಈ ರೋಗ ದೊಡ್ಡದಾಗಿ ಕಾಣಿಸಿಕೊಂಡದ್ದು 1973ರಲ್ಲಿ, ಮಹಾರಾಷ್ಟ್ರದ ಬಾರ್ಶಿಯಲ್ಲಿ. ಒಮ್ಮೆ ಬಂದುಹೋದವರಿಗೆ ದೀರ್ಘಕಾಲದ ರೋಗನಿರೋಧಕತೆ ಉಳಿಯುತ್ತದೆ. ಮೂವತ್ತು ವರ್ಷದ ಬಿಡುವಿನಲ್ಲಿ ಆ ರಕ್ಷಣೆಯೇ ಇಲ್ಲದ ಇಡೀ ತಲೆಮಾರು ಬೆಳೆದಿತ್ತು. ಡೆಂಗಿಯದು ಇನ್ನೂ ಕಷ್ಟ: ಅದರ ವೈರಸ್ಸಿನಲ್ಲಿ 4 ಬಗೆ, ಒಂದು ಬಗೆ ಬಂದುಹೋದರೆ ಉಳಿದವುಗಳಿಂದ ಕಾಯಂ ರಕ್ಷಣೆ ಸಿಗದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು.

ದಂಡಕ್ಕಿಂತ ಹಳೆಯ ಉಪಾಯವೊಂದು ಬೆಂಗಳೂರಿನಲ್ಲೇ ಹೊಳೆದಿತ್ತು. 1883ರಲ್ಲಿ ಅಲ್ಲಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ ತನ್ನ ಬಂಗಲೆಯ ಕಿಟಕಿಯಾಚೆ ಇದ್ದ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ಅದನ್ನು ಬೋರಲು ಹಾಕಿಸಿದ. ಮನೆಯೊಳಗಿನ ಕಾಟ ತಗ್ಗಿತು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ಮೇಲೂ ಅವನು ಲೆಕ್ಕ ಹಾಕುವುದನ್ನು ಬಿಡಲಿಲ್ಲ. ಕೊನೆಯ ಸೊಳ್ಳೆಯವರೆಗೆ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ರೋಗ ತಾನಾಗಿ ಕ್ಷೀಣಿಸುತ್ತದೆ ಎಂದು ಗಣಿತದಿಂದ ತೋರಿಸಿದ. ಇಂದಿನ ವೈದ್ಯರು ಕೇಳುವ ಪ್ರಶ್ನೆಯೂ ಅದೇ: ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಹೊಸದಾಗಿ ಸೋಂಕು ತಗುಲುತ್ತದೆ? ಅದು 1ಕ್ಕಿಂತ ಕೆಳಗಿದ್ದರೆ ರೋಗ ಹಿಮ್ಮೆಟ್ಟುತ್ತದೆ.

ತೆಂಗಿನ ಸೀಮೆಗೆ ಈ ಲೆಕ್ಕ ದೊಡ್ಡ ಧೈರ್ಯ. ತೋಟದ ಪ್ರತಿ ಬುರುಡೆಯನ್ನೂ ಹುಡುಕಿ ತೆಗೆಯುವುದು ಯಾರಿಂದಲೂ ಆಗದು. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರಿನಾಚೆ ಹಾರುವುದಿಲ್ಲ, ಹಾಗಾಗಿ ಮನೆ ಸುತ್ತಲಿನ ರಾಶಿಯೇ ಮುಖ್ಯ. ಮಳೆಗೆ ಮೊದಲು ಚಿಪ್ಪನ್ನು ಸೂರಿನಡಿ ಸೇರಿಸಬೇಕು, ಇಲ್ಲವೇ ಟಾರ್ಪಾಲು ಹೊದಿಸಿ, ಅದರ ಮಡಿಕೆಯಲ್ಲೂ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನೀರು ತುಂಬಿಡುವ ಡ್ರಮ್ಮು, ಸಿಮೆಂಟು ತೊಟ್ಟಿಗಳಿಗೆ ಮುಚ್ಚಳ ಬೇಕು, ವಾರಕ್ಕೊಮ್ಮೆ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಜ್ವರ ಬಂದವರು ಮೊದಲ ವಾರ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಬೇಕು. ವೈರಸ್ಸು ಅವರ ರಕ್ತದಲ್ಲಿ ತುಂಬಿರುವುದು ಆ ದಿನಗಳಲ್ಲೇ.