ಕಡತದಲ್ಲಿ ಓದದೆ ಉಳಿದ ಸಾಲು

ಸಾಗರ ತಾಲ್ಲೂಕಿನ ಆನಂದಪುರ ಸಮೀಪದ ನರಸೀಪುರ ನಾಡಿನ ಹಲವು ಮೂಲೆಗಳ ಕ್ಯಾನ್ಸರ್ ರೋಗಿಗಳಿಗೆ ಪರಿಚಿತ ಹೆಸರು. 2020ರಲ್ಲಿ ನಿಧನರಾದ ನಾಟಿವೈದ್ಯ ನಾರಾಯಣಮೂರ್ತಿಯವರ ಮನೆಯೆದುರು ಗುರುವಾರ, ಭಾನುವಾರಗಳಂದು ನೆರೆಯುತ್ತಿದ್ದ ಸರತಿ ಸಾಲು ಎಷ್ಟೋ ಬಾರಿ ಸುದ್ದಿಯಾಗಿತ್ತು. ತೊಗಟೆಯ ಔಷಧಿಗಾಗಿ ಕಾದು ನಿಂತ ಅನೇಕರ ಕೈಯಲ್ಲಿ ಆಸ್ಪತ್ರೆಯ ಕಡತವೂ ಇರುತ್ತಿತ್ತು.

‘ಅಲ್ಲಿಗೆ ಹೋಗಿ ಬಂದ ಮೇಲೆ ಹತ್ತು ವರ್ಷ ಬದುಕಿದರು’ ಎಂಬ ಮಾತು ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆಮನೆಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಗಡ್ಡೆಯ ಸ್ವಭಾವ ಎಂಥದಿತ್ತು?

ಸ್ತನ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಒಂದೇ ಗಾತ್ರದ, ಒಂದೇ ಹಂತದ ಗಡ್ಡೆಯುಳ್ಳ ಇಬ್ಬರ ಭವಿಷ್ಯ ಒಂದೇ ಆಗಿರಬೇಕೆಂದಿಲ್ಲ. ಬಯಾಪ್ಸಿಯ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಹೆರೆದು, ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅದಕ್ಕೆ ಸೇರಿಸಿ ಬಣ್ಣ ಹಾಕಿದರೆ, ಆ ಪ್ರೋಟೀನು ಇರುವೆಡೆ ಕಂದು ಬಣ್ಣ ಮೂಡುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳು ಕಂಡುಬಂದರೆ ಗಡ್ಡೆ ಸಾಮಾನ್ಯವಾಗಿ ನಿಧಾನಗತಿಯದು, ಹಾರ್ಮೋನು ತಡೆಯುವ ಮಾತ್ರೆಗೆ ಬಗ್ಗುವಂಥದು. ಕೋಶಗಳು ವಿಭಜನೆಗೊಳ್ಳುವ ವೇಗವನ್ನು ಕೆಐ-67 ತಿಳಿಸುತ್ತದೆ. ಹರ್-2 ಹೆಚ್ಚಿರುವುದು ಒಂದು ಕಾಲಕ್ಕೆ ಅಪಶಕುನವೇ ಆಗಿತ್ತು. 1998ರಲ್ಲಿ ಅಮೆರಿಕವು ಟ್ರಾಸ್ಟುಜುಮಾಬ್ ಔಷಧಕ್ಕೆ ಅನುಮತಿ ನೀಡಿದ ಬಳಿಕ ಅದೇ ಪ್ರೋಟೀನು ಚಿಕಿತ್ಸೆಯ ಗುರಿಯಾಯಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಜೈವಿಕ ಪ್ರತಿರೂಪವನ್ನು ಮಾರುಕಟ್ಟೆಗೆ ತಂದಿತು.

ನಿಧಾನಗತಿಯ ಗಡ್ಡೆಯಿದ್ದ ಮಹಿಳೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮಾತ್ರೆ ನುಂಗುತ್ತ, ಜೊತೆಗೆ ಕಷಾಯವನ್ನೂ ಕುಡಿದು ಹತ್ತು ವರ್ಷ ಬಾಳಿದರೆ ಶ್ರೇಯಸ್ಸು ಯಾವುದಕ್ಕೆ? ಆಕೆಯ ಮಾತು ಕೇಳಿ, ಮೂರೂ ಗ್ರಾಹಕಗಳಿಲ್ಲದ ಉಗ್ರ ಗಡ್ಡೆಯಿರುವ ಇನ್ನೊಬ್ಬಾಕೆ ಬರೀ ಕಷಾಯವನ್ನು ನಂಬಿ ಆರು ತಿಂಗಳು ಕಾದರೆ, ಆ ಆರು ತಿಂಗಳು ಮರಳಿ ಬಾರದು.

ಅಡಿಕೆ ಸೀಮೆಗೆ ಇನ್ನೂ ಹತ್ತಿರದ ಬಾಯಿ ಕ್ಯಾನ್ಸರಿನಲ್ಲಿ ಈ ಅನುಕೂಲ ಇಷ್ಟಾಗಿ ಇಲ್ಲ. (ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದದ್ದು ಬೆಳೆಗಾರರಿಗೆ ಈಗಲೂ ನುಂಗಲಾರದ ತುತ್ತು.) ಗಂಟಲಿನ ಮೇಲ್ಭಾಗದ ಕ್ಯಾನ್ಸರಿನಲ್ಲಿ ಪಿ-16 ಪ್ರೋಟೀನು ಶುಭಸೂಚನೆ. ಕೆನ್ನೆಯ ಒಳಭಾಗದ ಗಡ್ಡೆಯಲ್ಲಿ ಅದಕ್ಕೆ ಆ ಬೆಲೆಯಿಲ್ಲ. ಗಡ್ಡೆ ಎಷ್ಟು ಆಳಕ್ಕಿಳಿದಿದೆ, ಕತ್ತಿನ ಗ್ರಂಥಿಗಳಿಗೆ ಹರಡಿದೆಯೇ ಎಂಬುದೇ ಮುಖ್ಯ.

ಇಷ್ಟಕ್ಕೂ ಸ್ತನದ ಗಡ್ಡೆಯ ಪರೀಕ್ಷೆ ನಿಜ ನುಡಿಯುವುದು ಒಂದು ಸಣ್ಣ ಸೀಸೆಯ ಕೃಪೆಯಿಂದ. ತೆಗೆದ ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು; ಅದರಲ್ಲಿ 6ರಿಂದ 72 ಗಂಟೆ ಇರಬೇಕು. ತಡವಾದರೆ ಪ್ರೋಟೀನು ಕೆಟ್ಟು, ಇದ್ದದ್ದೂ ಇಲ್ಲವೆಂದು ವರದಿಯಾಗಬಹುದು. ತೀರ್ಥಹಳ್ಳಿಯಲ್ಲಿ ತೆಗೆದ ಗಂಟು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಪರೀಕ್ಷೆಗೆ ಹೋಗುವಾಗ ಯಾವ ದ್ರವದಲ್ಲಿತ್ತೆಂದು ಮನೆಯವರು ಸಂಕೋಚವಿಲ್ಲದೆ ಕೇಳಬೇಕು. ಮೇಣದ ಅಚ್ಚನ್ನೂ ಕೇಳಿ ಪಡೆಯಬಹುದು. ಎರಡನೆಯ ಅಭಿಪ್ರಾಯಕ್ಕೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಟವರು ವರದಿಯ ಹಾಳೆಯೊಂದನ್ನೇ ಒಯ್ದರೆ, ಅಲ್ಲಿನ ತಜ್ಞರು ಮತ್ತೆ ಪರೀಕ್ಷಿಸುವುದಾದರೂ ಏನನ್ನು?