ಎರಡು ಅರಸೀಕೆರೆ, ಒಂದು ಬ್ರೆಡ್ಡು

ನಮ್ಮೂರು ಅರಸೀಕೆರೆ ಅಂದರೆ ಸಾಕು, ‘ಓ, ಜಂಕ್ಷನ್ನಾ?’ ಅನ್ನುತ್ತಾರೆ. ಅಲ್ಲ. ಜಂಕ್ಷನ್ ಇರುವುದು ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ನಮ್ಮದು ಹರಪನಹಳ್ಳಿ ತಾಲ್ಲೂಕಿನದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಸೇರಿ, ಕೂತಲ್ಲೇ ಮೂರು ಜಿಲ್ಲೆ ತಿರುಗಿದ ಊರು. ಹಾಸನ ಸೀಮೆಗೂ ನಮಗೂ ಈ ಹೆಸರು ಬಿಟ್ಟರೆ ಬೇರೆ ನಂಟಿಲ್ಲ ಎಂದು ಬಹಳ ದಿನ ನಂಬಿದ್ದೆ. ನಂಟು ಸಿಕ್ಕಿದ್ದು ಒಂದು ಪೌಂಡು ಬ್ರೆಡ್ಡಿನಲ್ಲಿ.

ನಾನು ಚಿಕ್ಕವನಿದ್ದಾಗ ಬ್ರೆಡ್ಡು ಅಂದರೆ ಜ್ವರ. ಚೆನ್ನಾಗಿರುವವರು ರೊಟ್ಟಿ ತಿನ್ನುತ್ತಿದ್ದರು, ಮಲಗಿದವರು ಬ್ರೆಡ್ಡು. ಆಸ್ಪತ್ರೆಗೆ ನೋಡಲು ಹೋಗುವವರ ಕೈಚೀಲದಲ್ಲಿ ಮೋಸಂಬಿಯ ಜೊತೆ ಮೇಣದ ಕಾಗದ ಸುತ್ತಿದ ಬ್ರೆಡ್ಡು ಇದ್ದೇ ಇರುತ್ತಿತ್ತು. ಬಿಸಿ ಹಾಲಲ್ಲಿ ಅದ್ದಿ ಕೊಟ್ಟರೆ ನಾಲಿಗೆಗೆ ರುಚಿ ಇಲ್ಲದಿದ್ದರೂ ಹೊಟ್ಟೆಗೆ ಹಗುರ. ‘ಹಗುರ’ ಎನ್ನುವ ಆ ಒಂದು ಗುಣದಿಂದಲೇ ಬ್ರೆಡ್ಡು ಜೋಳದ ನಾಡಿನ ಮನೆಗಳೊಳಗೆ ಕಾಲಿಟ್ಟಿತು.

ಆ ಬ್ರೆಡ್ಡು ಬರುತ್ತಿದ್ದುದು ತಾಲ್ಲೂಕು ಕೇಂದ್ರದ ಬೇಕರಿಯಿಂದ. ಹಸಿರು-ಕೆಂಪು ಬೋರ್ಡಿನ ಮೇಲೆ ‘ಅಯ್ಯಂಗಾರ್’ ಎಂಬ ಹೆಸರು. ಕರ್ನಾಟಕದ ಯಾವ ಬಸ್ ನಿಲ್ದಾಣದ ಎದುರು ನಿಂತರೂ ಈ ಬೋರ್ಡು ಕಾಣುತ್ತದೆ. ಅದರ ಬೇರು ಹುಡುಕುತ್ತಾ ಹೋದರೆ ತಲುಪುವುದು ಹಾಸನ ಸೀಮೆಗೇ.

ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಅಂಗಡಿ ಇಟ್ಟಿದ್ದರು. ಆ ಅಂಗಡಿಗೆ ಒಬ್ಬ ಇಂಗ್ಲಿಷ್ ಗಿರಾಕಿ ಬರುತ್ತಿದ್ದ, ವೆಸ್ಟ್ ಎಂಡ್ ಹೋಟೆಲಿನ ಕಡೆಯವನು, ಬ್ರೆಡ್ಡು ಸುಡುವ ಕೆಲಸವನ್ನು ಅವನೇ ಹೇಳಿಕೊಟ್ಟ ಎಂಬುದು ಬೇಕರಿ ಕುಟುಂಬಗಳಲ್ಲಿ ಉಳಿದು ಬಂದಿರುವ ಕಥೆ. 1898ರಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರುವಾಯಿತು. ಗಿರಾಕಿಯ ಹೆಸರು ಕಥೆಯಲ್ಲಿಲ್ಲ. ನನಗೆ ಅವನಿಗಿಂತ ಆಚಾರ್ಯರ ಧೈರ್ಯವೇ ದೊಡ್ಡದಾಗಿ ಕಾಣುತ್ತದೆ. ಮಡಿ-ಮೈಲಿಗೆಯ ಆ ಕಾಲದಲ್ಲಿ, ದಂಡುಪ್ರದೇಶದ ಸಾಹೇಬರು ತಿನ್ನುವ, ಹುಳಿ ಬರಿಸಿದ ಮೈದಾ ಹಿಟ್ಟಿಗೆ ವೈಷ್ಣವರೊಬ್ಬರು ಕೈ ಹಾಕಿದರು. ಹಾಕಿದ್ದಷ್ಟೇ ಅಲ್ಲ, ಮೊಟ್ಟೆ ಮುಟ್ಟದ ಮನೆಯವರೂ ಕೂತು ತಿನ್ನುವಂತೆ ಮಾಡಿದರು. ನೆಂಟರು, ನೆಂಟರ ಮಕ್ಕಳು, ಪಕ್ಕದ ಹಳ್ಳಿಯ ಹುಡುಗರು ಕೆಲಸ ಕಲಿತು ಒಂದೊಂದು ಊರು ಹಿಡಿದರು.

ಈ ಬೇಕರಿಗಳ ಬ್ರೆಡ್ಡು ತಿಂಡಿಯಾದದ್ದು ಹೇಗೆಂದು ಹೇಳಲು ಮೊದಲು ಸ್ಯಾಂಡ್‌ವಿಚ್ಚಿನ ಕಥೆ ಬೇಕು. ಇಂಗ್ಲೆಂಡಿನ ನಾಲ್ಕನೇ ಅರ್ಲ್ ಆಫ್ ಸ್ಯಾಂಡ್‌ವಿಚ್ ಜಾನ್ ಮಾಂಟೆಗು ಇಸ್ಪೀಟಿನ ಮೇಜು ಬಿಟ್ಟೇಳಲಾರದೆ ಎರಡು ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡ ಎಂಬುದು ಪ್ರಸಿದ್ಧ ಕಥೆ. ಜೂಜಿನ ಮೇಜಲ್ಲ, ಕಡತದ ಮೇಜು ಎಂದು ಅವನ ಜೀವನಚರಿತ್ರೆ ಬರೆದವರ ವಾದ. ಇತಿಹಾಸಕಾರ ಗಿಬ್ಬನ್ ತನ್ನ ದಿನಚರಿಯಲ್ಲಿ ‘ಸ್ಯಾಂಡ್‌ವಿಚ್’ ಎಂಬ ಪದ ಬರೆದಿಟ್ಟಿದ್ದು 1762ರಲ್ಲಿ. ಮೇಜು ಯಾವುದಾದರೂ ಇರಲಿ, ಕೈಗೆ ಜಿಡ್ಡು ಹತ್ತಬಾರದೆಂಬುದು ಅದರ ಮೂಲ ಉದ್ದೇಶ.

ನಮ್ಮ ಬೇಕರಿಯವರು ಆ ಸ್ಯಾಂಡ್‌ವಿಚ್ಚಿನ ಮುಚ್ಚಳ ತೆಗೆದರು. ಒಂದೇ ತುಂಡು ಬ್ರೆಡ್ಡು, ಕಾದ ಕಾವಲಿಯ ಮೇಲೆ ಬೆಣ್ಣೆ, ಮೇಲೆ ಅರಿಶಿನ ಬಿದ್ದ ಈರುಳ್ಳಿ-ಗಜ್ಜರಿ-ಹಸಿಮೆಣಸಿನ ಪಲ್ಯ. ಅದೇ ಮಸಾಲಾ ಟೋಸ್ಟ್. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ 1953ರಲ್ಲಿ ಶುರುವಾದ ವಿ.ಬಿ. ಬೇಕರಿಯಂಥ ಕಡೆ ಖಾರ ಬನ್ನಿಗೆ ಬೆಣ್ಣೆ ಸವರಿ ‘ಕಾಂಗ್ರೆಸ್’ ಕಡಲೆಬೀಜವನ್ನೂ ತುಂಬಿದರು. 1969ರಲ್ಲಿ ಪಕ್ಷ ಎರಡು ಹೋಳಾದಂತೆ ಬೀಜವೂ ಎರಡು ಹೋಳು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಆ ಬೀಜ ನಮಗೆ ಶೇಂಗಾ. ಕೂಡ್ಲಿಗಿ, ಹರಪನಹಳ್ಳಿಯ ಮಳೆಯಾಶ್ರಿತ ಹೊಲದ್ದು.

ಅಲ್ಲಿಗೆ ಜ್ವರದ ಬ್ರೆಡ್ಡು ಜಾತ್ರೆಯ ತಿಂಡಿಯಾಯಿತು. ಸಂತೋಷವೇ. ಆದರೆ ಬೆಣ್ಣೆ ಹೋಗಿ ವನಸ್ಪತಿ ಬಂತು. ಈಗ ಮೇಯೊನೀಸ್, ಮೇಲೆ ಚೀಸ್. ಸೌದೆ ಒಲೆ ಆರಿಸಿದ ಎಷ್ಟೋ ಬೇಕರಿಗಳಲ್ಲಿ ಮಾರುವುದು ಕಾರ್ಖಾನೆಯ ಪ್ಯಾಕೆಟ್ ಬ್ರೆಡ್ಡು. ಬೋರ್ಡು ಮಾತ್ರ ಹಳೆಯದು. ‘ಹಗುರ’ ಎನ್ನುವ ಮಾತು ಎಲ್ಲಿ ಕಳೆದುಹೋಯಿತೋ!

ಅದನ್ನು ಹುಡುಕುವ ಹಟದಲ್ಲಿ ಸಿಕ್ಕಿದ್ದು ಅಮೆರಿಕದ ಮನೆಗಳ ಒಂದು ರೂಢಿ. ಹೆಸರಾಂತ ಸ್ಯಾಂಡ್‌ವಿಚ್ಚನ್ನು ಬಿಡಿಸಿ, ಪದರ ಪದರವಾಗಿ ಪಾತ್ರೆಯಲ್ಲಿ ಹಾಸಿ ಬೇಯಿಸುತ್ತಾರೆ, ಅದಕ್ಕೆ ಕ್ಯಾಸರೋಲ್ ಎನ್ನುತ್ತಾರೆ. ಮನೆಯಲ್ಲಿ ಹೇಳಿದರೆ ನಕ್ಕರು. ನಮ್ಮಲ್ಲಿ ಕ್ಯಾಸರೋಲ್ ಅಂದರೆ ಮದುವೆಗೆ ಮುಯ್ಯಿ ಬರುವ ಚಪಾತಿ ಡಬ್ಬಿ! ಫ್ರೆಂಚರಲ್ಲಿ ಪಾತ್ರೆಯ ಹೆಸರಾಗಿದ್ದದ್ದು ಅಲ್ಲಿ ಅಡುಗೆಯ ಹೆಸರಾಯಿತು, ಇಲ್ಲಿ ಪಾತ್ರೆಯಾಗಿಯೇ ಉಳಿಯಿತು.

ಮಸಾಲಾ ಟೋಸ್ಟನ್ನೇ ಹಾಗೆ ಬಿಡಿಸಿದೆ. ಎಂಟು ತುಂಡು ಬ್ರೆಡ್ಡು, ನಿನ್ನೆಯದೇ ಆಗಬೇಕು. ತಾಜಾ ಬ್ರೆಡ್ಡು ಮೊಸರು ಕುಡಿದು ಮುದ್ದೆಯಾಗುತ್ತದೆ, ಒಣಗಿದ್ದು ಹೀರಿಯೂ ನಿಲ್ಲುತ್ತದೆ. ಎರಡು ಈರುಳ್ಳಿ, ಒಂದು ಗಜ್ಜರಿ, ಒಂದು ಹಿಡಿ ಎಲೆಕೋಸು, ಹಸಿಮೆಣಸು: ಒಂದೇ ಚಮಚ ಎಣ್ಣೆಯಲ್ಲಿ ಬಾಡಿಸಿದ್ದು. ಮೊಟ್ಟೆಯ ಬದಲು ಒಂದು ಲೋಟ ಮೊಸರಿಗೆ ಕಾಲು ಲೋಟ ಕಡಲೆಹಿಟ್ಟು, ಅರ್ಧ ಲೋಟ ನೀರು, ಉಪ್ಪು, ಅರಿಶಿನ. ಬಿಸಿ ತಾಗಿದರೆ ಕಡಲೆಹಿಟ್ಟು ಗಟ್ಟಿಯಾಗಿ ಪದರಗಳನ್ನು ಹಿಡಿದುಕೊಳ್ಳುತ್ತದೆ. ಬ್ರೆಡ್ಡು, ಪಲ್ಯ, ಮೊಸರು, ಮತ್ತೆ ಬ್ರೆಡ್ಡು. ಅರ್ಧ ಗಂಟೆ ನೆನೆಯಲು ಬಿಟ್ಟು, ಚೀಸಿನ ಜಾಗದಲ್ಲಿ ಕುಟ್ಟಿದ ಶೇಂಗಾ ಉದುರಿಸಬೇಕು. ಓವನ್ ಇದ್ದರೆ 180 ಡಿಗ್ರಿಯಲ್ಲಿ ಅರ್ಧ ಗಂಟೆ.

ನಮ್ಮಲ್ಲಿ ಓವನ್ ಇಲ್ಲ. ಹಳೇ ಕುಕ್ಕರಿಗೆ ಎರಡು ಬೆರಳು ಮರಳು ಹಾಕಿ, ಗ್ಯಾಸ್ಕೆಟ್, ವೇಟ್ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟೆ. ಮೊದಲ ಸಲ ತಳ ಸೀದು ಕರಕಲಾಯಿತು. ಎರಡನೇ ಸಲ ಪಾತ್ರೆಯ ಕೆಳಗೆ ಸ್ಟ್ಯಾಂಡ್ ಇಟ್ಟೆ. ಮುಚ್ಚಳ ತೆಗೆದಾಗ ಅಂಚು ಕಂದಿತ್ತು, ಶೇಂಗಾ ಕೆಂಪಗಾಗಿತ್ತು, ಚಾಕು ಒಣಗಿಯೇ ಹೊರಬಂತು. ಆಗ ಹೊಳೆಯಿತು: ದಾವಣಗೆರೆಯ ಭಟ್ಟಿಗಳಲ್ಲಿ ಮಂಡಕ್ಕಿ ಅರಳುವುದೂ ಕಾದ ಮರಳಿನಲ್ಲೇ, ಎಣ್ಣೆಯ ಹನಿ ಇಲ್ಲದೆ. ಕೊಟ್ಟೂರು ತೇರಿಗೆ ಹೋದವರು ಮಿರ್ಚಿಯ ಜಿಡ್ಡು ಇಳಿಸಲು ಜೊತೆಗೆ ಮುಕ್ಕುವುದೂ ಅದನ್ನೇ. ಹಗುರವಾಗಿ ಬೇಯಿಸುವ ವಿದ್ಯೆಯನ್ನು ನಾವು ಅಮೆರಿಕಕ್ಕೆ ಹೋಗಿ ಕಲಿಯಬೇಕಾಗಿರಲಿಲ್ಲ.

ರುಚಿ? ಬೆಣ್ಣೆಯ ಟೋಸ್ಟಿನ ಗಮ್ಮತ್ತು ಇದಕ್ಕಿಲ್ಲ, ಸುಳ್ಳು ಹೇಳಲಾರೆ. ಆದರೆ ಎರಡು ತುಂಡು ತಿಂದ ಮೇಲೆ ಕೈ ಒರೆಸಿಕೊಳ್ಳಬೇಕಾಗಲಿಲ್ಲ. ಮಾಂಟೆಗು ಕೇಳಿದ್ದೂ ಅಷ್ಟನ್ನೇ.

ಒಂದು ಮಾತು ಮಾತ್ರ ನೆನಪಿಡಿ. ಪ್ಯಾಕೆಟ್ ಬ್ರೆಡ್ಡಿನಲ್ಲಿ ಇದು ಸರಿಯಾಗಿ ನಿಲ್ಲುವುದಿಲ್ಲ. ನಿಮ್ಮೂರ ಬೇಕರಿಯ ಹಿಂದೆ ಇನ್ನೂ ಒಲೆ ಉರಿಯುತ್ತಿದ್ದರೆ, ಅಲ್ಲಿಗೇ ಹೋಗಿ, ನಿನ್ನೆಯ ಬ್ರೆಡ್ಡು ಕತ್ತರಿಸದೆ ಕೊಡಿ ಎಂದು ಕೇಳಿ.