ಬಯಲಿಗೆ ಬಿಟ್ಟ ನಾಯಿ ತಿರುಗಿ ಬರುವ ವಿದ್ಯೆ

ಮುಧೋಳ ನಾಯಿಗೆ ಓಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲಿಗೆ ಬಿಟ್ಟರೆ ನೋಡನೋಡುತ್ತಲೇ ಮೂರು ಹೊಲ ದಾಟಿರುತ್ತದೆ. ಹಾಗೆ ಹೋದ ನಾಯಿ ಯಜಮಾನನ ಒಂದು ಕೂಗಿಗೆ, ಎತ್ತಿದ ಒಂದು ಕೈಗೆ, ಅರ್ಧ ದಾರಿಯಲ್ಲೇ ಹೊರಳಿ ಬರುತ್ತದಲ್ಲ, ಅದು ಮಾತ್ರ ಕಲಿಸಿ ಬಂದದ್ದು. ಅದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ನಮ್ಮ ವಿಜಯಪುರ (ಹಿಂದಿನ ವಿಜಾಪುರ) ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ತೋಟದ ವಸ್ತಿಗಳಲ್ಲಿ, ಕುರಿಹಟ್ಟಿಗಳಲ್ಲಿ ಈ ವಿದ್ಯೆ ಬಲ್ಲವರಿದ್ದಾರೆ. ಅವರು ತಮ್ಮನ್ನು ತರಬೇತುದಾರರೆಂದು ಕರೆದುಕೊಳ್ಳುವುದಿಲ್ಲ. ಕೇಳಿದರೆ ‘ನಾಯಿ ಸಾಕೀವ್ರಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಆ ಜಿಲ್ಲೆ ಬೇರೆಯಾಗುವ ತನಕ ಅದೂ ವಿಜಾಪುರದ್ದೇ ತಾಲ್ಲೂಕು. ಹಾಗಾಗಿ ಕೃಷ್ಣೆಯ ಈಚೆಗಿನ ಜನ ಈ ನಾಯಿಯನ್ನು ಪರ ಊರಿನದೆಂದು ಭಾವಿಸಿಲ್ಲ. ಪರ್ಷಿಯಾ, ಅರೇಬಿಯಾ ಕಡೆಯ ಸಲೂಕಿಯಂಥ ನಾಯಿಗಳು ವ್ಯಾಪಾರಿಗಳ, ಸೈನಿಕರ ಜೊತೆ ದಖ್ಖನಿಗೆ ಬಂದು ಇಲ್ಲಿಯ ನಾಯಿಗಳೊಡನೆ ಬೆರೆತು ಈ ತಳಿ ಆಯಿತೆಂಬ ಮಾತಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಈ ಬೇಟೆ ನಾಯಿಗಳನ್ನು ಗಮನಿಸಿ, ಆಯ್ದು ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಕೆಲವು ಮರಿಗಳನ್ನು ಮೀರತ್‌ನ ತನ್ನ ತರಬೇತಿ ಕೇಂದ್ರಕ್ಕೆ ಒಯ್ದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಗೌರವ ಬಂದದ್ದು ಸಂತೋಷವೇ. ಆದರೆ ಈ ತಳಿಯನ್ನು ನಡುವಿನ ಅಷ್ಟೂ ವರ್ಷ ಉಳಿಸಿಕೊಂಡು ಬಂದವರು ತಾವು ತಿನ್ನುವ ರೊಟ್ಟಿಯಲ್ಲೇ ಒಂದು ಪಾಲು ಅದಕ್ಕೆ ಎತ್ತಿಟ್ಟ ಕುರಿಗಾರರು ಮತ್ತು ರೈತರು. ಮೊದಲ ಗೌರವ ಅವರಿಗೆ ಸಲ್ಲಬೇಕು.

ಈ ನಾಯಿಗೆ ಕಲಿಸುವುದು ಬೇರೆ ನಾಯಿಗಳಿಗೆ ಕಲಿಸಿದ ಹಾಗಲ್ಲ ಏಕೆಂದು ತಿಳಿಯಲು ಅದರ ಮೈಕಟ್ಟು ನೋಡಬೇಕು. ಉದ್ದನೆಯ ಕಿರಿದಾದ ತಲೆ, ಆ ತಲೆಯ ಎರಡೂ ಪಕ್ಕಕ್ಕೆ ಸರಿದ ದೊಡ್ಡ ಕಣ್ಣು, ಆಳವಾದ ಎದೆಗೂಡು, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ. ಪೂರ್ತಿ ಬೆಳೆದ ಗಂಡು ನಾಯಿ ಭುಜದ ಹತ್ತಿರ 70 ಸೆಂಟಿಮೀಟರ್ ಆಸುಪಾಸು ನಿಲ್ಲುತ್ತದೆ. ಪೂರಾ ವೇಗದಲ್ಲಿ ಓಡುವಾಗ ಒಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ: ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಕೂಡಿದಾಗ ಒಮ್ಮೆ, ಹಿಂದೆ ಮುಂದೆ ಚಾಚಿದಾಗ ಇನ್ನೊಮ್ಮೆ. ಮೂಗಿನಿಂದ ಜಾಡು ಹಿಡಿಯುವ ನಾಯಿಗಳುಂಟು; ಇದು ಕಣ್ಣಿನಿಂದ ಬೇಟೆ ಹಿಡಿದ ವಂಶದ್ದು. ದೂರದಲ್ಲಿ ಏನೋ ಅಲುಗಿತೆಂದರೆ ಸಾಕು, ಮೈಯೆಲ್ಲ ಬಿಗಿಯುತ್ತದೆ, ಮರುಕ್ಷಣ ಅದು ಅಲ್ಲಿರುವುದಿಲ್ಲ. ಕಿವಿಗೆ ನಿಮ್ಮ ಕೂಗು ಬಿದ್ದರೂ ಆ ಹೊತ್ತಿಗೆ ಮನಸ್ಸೆಲ್ಲ ಕಣ್ಣಿನಲ್ಲಿರುತ್ತದೆ. ಆದ್ದರಿಂದ ಈ ನಾಯಿಯನ್ನು ಪಳಗಿಸುವವನು ಮೊದಲು ಗೆಲ್ಲಬೇಕಾದದ್ದು ಅದರ ನೋಟವನ್ನು. ಉಳಿದದ್ದೆಲ್ಲ ಆ ಮೇಲೆ.

ಆ ಕೆಲಸ ಮರಿ ಆರಿಸುವಾಗಲೇ ಶುರು. ಬಲ್ಲವರು ಮರಿಗಿಂತ ಮೊದಲು ತಾಯಿಯನ್ನು ನೋಡುತ್ತಾರೆ. ಹೊಸಬರು ಬಂದಾಗ ತಾಯಿ ದೂರ ನಿಂತು ಗಮನಿಸಿದರೆ ಸರಿ, ಅದು ಈ ತಳಿಯ ಸ್ವಭಾವ. ಹೆದರಿ ಮೂಲೆ ಸೇರಿದರೆ, ಇಲ್ಲವೇ ಕಾರಣವಿಲ್ಲದೆ ಮೇಲೆರಗಿದರೆ ಆ ಮನೆಯ ಮರಿ ಬೇಡ. ಎರಡು ತಿಂಗಳಾಗುವ ಮೊದಲೇ ಮರಿಯನ್ನು ತಾಯಿಯಿಂದ ಬಿಡಿಸಿ ತರುವ ಆತುರ ಈಗ ಹೆಚ್ಚಾಗಿದೆ, ಅದು ತಪ್ಪು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಆಟ, ಎಷ್ಟಾದರೆ ನೋವು ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆಯ ಜಗ್ಗಾಟದಲ್ಲಿ. ಆ ಪಾಠವನ್ನು ಮನುಷ್ಯರು ಹೇಳಿಕೊಡಲು ಬಹಳ ಕಷ್ಟ. ನಾಲ್ಕೈದು ತಿಂಗಳಾದಾಗ ಮರಿ ನೋಡಲು ಚೆನ್ನಾಗಿರುವುದಿಲ್ಲ. ಕಾಲು ಉದ್ದ, ಮೈ ಸಣ್ಣ, ಗಂಟು ಗಂಟು ಕೀಲು. ‘ಬಡಕಲ ನಾಯಿ ತಂದೀ’ ಎಂದು ನೆಂಟರು ಆಡಿಕೊಳ್ಳುವ ಕಾಲ ಅದು. ಅವರ ಮಾತಿಗೆ ಕಿವಿಗೊಟ್ಟು ತಿನ್ನಿಸಿ ದಪ್ಪ ಮಾಡಿದರೆ ನಾಯಿ ಕೆಟ್ಟಿತು. ಕೊನೆಯ ಒಂದೆರಡು ಪಕ್ಕೆಲುಬು ತೆಳುವಾಗಿ ಕಾಣುವುದು ಈ ತಳಿಗೆ ಆರೋಗ್ಯದ ಗುರುತು.

ಊಟ ನಮ್ಮ ಮನೆಗಳಲ್ಲಿರುವುದೇ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಗೋವಿನಜೋಳದ ನುಚ್ಚು, ಸಂಗಟಿ, ಬೇಯಿಸಿದ ತತ್ತಿ, ಆಗಾಗ ಮಾಂಸ. ಬರೀ ರೊಟ್ಟಿ ಹಾಲಿನಲ್ಲಿ ಬೆಳೆದ ನಾಯಿಗೆ ತೊಡೆಯ ಸ್ನಾಯು ತುಂಬುವುದಿಲ್ಲ. ತತ್ತಿ, ಮಾಂಸ ಬೇಕೇ ಬೇಕು. ಹೊಟ್ಟೆ ತುಂಬಾ ತಿನ್ನಿಸಿದ ಕೂಡಲೇ ಓಡಿಸಬಾರದು, ಓಡಿ ಬಂದ ಕೂಡಲೇ ತಿನ್ನಿಸಲೂಬಾರದು. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬರಿಸಿ ಜಠರವೇ ತಿರುಚಿಕೊಳ್ಳುವುದುಂಟು, ಹಾಗಾದರೆ ತಾಸುಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ನಮ್ಮ ಜಿಲ್ಲೆಯವರಿಗೆಂದೇ ಹೇಳಬೇಕಾದ ಇನ್ನೊಂದು ಮಾತಿದೆ. ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ) ನಾಯಿಗೆ ವಿಷ. ಮೂತ್ರಪಿಂಡ ಕೆಡಿಸುತ್ತವೆ. ದ್ರಾಕ್ಷಿ ಪಡದ ಮಗ್ಗುಲಲ್ಲೇ, ಮಣೂಕ ಒಣಹಾಕುವ ಶೆಡ್ಡಿನಲ್ಲೇ ನಾಯಿ ಕಟ್ಟುವ ಮನೆಗಳು ಇಲ್ಲಿ ಎಷ್ಟೋ ಇವೆ. ಮಕ್ಕಳು ಪ್ರೀತಿಯಿಂದ ಒಂದು ಹಿಡಿ ಮಣೂಕ ಎಸೆದಾರು. ಅವರಿಗೆ ಈ ಸಂಗತಿ ತಿಳಿಸಿಟ್ಟಿರಿ.

ಇನ್ನು ಹಗ್ಗದ ವಿದ್ಯೆ. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವ ಭಾಗ ಇದೇ.

ಮೊದಲು ಕೊರಳಪಟ್ಟಿ. ಮುಧೋಳ ನಾಯಿಯ ತಲೆ ಕೊರಳಿಗಿಂತ ಅಗಲವಿರುವುದಿಲ್ಲ. ಪೇಟೆಯಲ್ಲಿ ಸಿಗುವ ಸಣ್ಣ ಪಟ್ಟಿಯಾದರೆ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಂಡು ಹೊರಟೇ ಬಿಡುತ್ತದೆ. ಅದಕ್ಕೆ ನಾಲ್ಕು ಬೆರಳು ಅಗಲದ ಮೆತ್ತನೆಯ ಚರ್ಮದ ಪಟ್ಟಿಯನ್ನು ಕಿವಿಯ ಹಿಂದೆಯೇ, ಕೊರಳಿನ ಮೇಲ್ಭಾಗದಲ್ಲಿ ಕಟ್ಟುತ್ತಾರೆ. ಅಗಲವಿದ್ದಷ್ಟು ಗಂಟಲಿಗೆ ಒತ್ತು ಕಡಿಮೆ. ನಂತರ ಹತ್ತು ಹದಿನೈದು ಮೀಟರಿನ ಹಗುರ ನೂಲಿನ ಹಗ್ಗ. ಮರಿ ಮುಂದೆ ಮುಂದೆ ಹೋಗಲಿ, ಮೂಸಲಿ, ತನ್ನ ಪಾಡಿಗೆ ಇರಲಿ. ಹಗ್ಗದ ತುದಿ ಮುಟ್ಟುವುದಕ್ಕೆ ಎರಡು ಹೆಜ್ಜೆ ಮೊದಲು ‘ಬಾ’ ಎನ್ನಬೇಕು. ಆ ಎರಡು ಹೆಜ್ಜೆಯಲ್ಲಿದೆ ಕೌಶಲ. ಹಗ್ಗ ಬಿಗಿದ ಮೇಲೆ ಕರೆದರೆ ಮರಿ ಕಲಿಯುವುದು ಜಗ್ಗುವುದನ್ನು. ಬಿಗಿಯುವ ಮೊದಲು ಕರೆದರೆ ತಿರುಗಿ ನೋಡುತ್ತದೆ. ತಿರುಗಿ ನೋಡಿದ ಆ ಗಳಿಗೆಗೇ ಶಭಾಸ್ ಎಂದು ಕೈಯಲ್ಲಿದ್ದ ತತ್ತಿ ಚೂರು ಕೊಡಬೇಕು. ಹತ್ತಿರ ಬಂದದ್ದಕ್ಕೆ ಕೊಡುವುದು ಎರಡನೆಯ ಮಾತು. ಮೊದಲ ಬಹುಮಾನ ನೋಟಕ್ಕೆ. ದಿನಕ್ಕೆ ಎರಡು ಹೊತ್ತು, ಪ್ರತಿ ಸಲ ಹತ್ತು ನಿಮಿಷ ಸಾಕು. ಬೇಸರ ಬರುವಷ್ಟು ಎಳೆದರೆ ಈ ನಾಯಿ ಮುಖ ತಿರುವಿ ಕೂತುಬಿಡುತ್ತದೆ, ಅದಕ್ಕೆ ತನ್ನದೇ ಒಂದು ಗತ್ತಿದೆ.

ಕರೆಯುವಾಗ ಕೈಯನ್ನೂ ಎತ್ತುತ್ತಾರೆ. ಬಯಲಿನ ಗಾಳಿಯಲ್ಲಿ ಕೂಗು ದೂರ ಹೋಗುವುದಿಲ್ಲ, ಆದರೆ ಅಲುಗುವ ಕೈ ಕಾಣುತ್ತದೆ. ಹೆಗಲ ಮೇಲಿನ ಬಿಳಿ ಟವೆಲ್ ಬೀಸಿದರೆ ಇನ್ನೂ ಒಳ್ಳೆಯದು. ನಾಯಿಯ ಕಣ್ಣಿಗೆ ಕೆಂಪು ಹಸಿರುಗಳ ಭೇದ ಅಷ್ಟಾಗಿ ತಿಳಿಯದು, ಹಸಿರು ಬೆಳೆಯ ನಡುವೆ ಕೆಂಪು ವಸ್ತ್ರ ಬೀಸಿ ಫಲವಿಲ್ಲ. ಮಾತುಗಳು ನಾಲ್ಕೇ: ಬಾ, ಕುಂಡ್ರು, ನಿಂದ್ರು, ಬಿಡು. ಮನೆಮಂದಿಯೆಲ್ಲ ಅದೇ ಮಾತು ಬಳಸಬೇಕು. ಒಬ್ಬರು ‘ಕುಂಡ್ರು’, ಇನ್ನೊಬ್ಬರು ‘ಕೂಡು’, ಶಾಲೆಗೆ ಹೋಗುವ ಹುಡುಗ ‘ಸಿಟ್’ ಎಂದರೆ ಮರಿಗೆ ಯಾವುದೂ ಹತ್ತುವುದಿಲ್ಲ.

ಮರಿ ತಪ್ಪಿಸಿಕೊಂಡು ಓಡಿದರೆ ಬೆನ್ನಟ್ಟಬಾರದು. ಅದಕ್ಕೆ ಬೆನ್ನಟ್ಟುವುದೆಂದರೆ ಆಟ, ಆ ಆಟದಲ್ಲಿ ಮನುಷ್ಯ ಗೆಲ್ಲುವುದಿಲ್ಲ. ಅನುಭವಿಗಳು ಬೆನ್ನು ತಿರುಗಿಸಿ ವಿರುದ್ಧ ದಿಕ್ಕಿಗೆ ನಡೆಯತೊಡಗುತ್ತಾರೆ, ಬೇಕಿದ್ದರೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಏನೋ ಹುಡುಕಿದ ಹಾಗೆ ಮಾಡುತ್ತಾರೆ. ಮರಿಗೆ ತಡೆಯಲಾಗುವುದಿಲ್ಲ, ಬಂದೇ ಬರುತ್ತದೆ. ಬಂದಾಗ ಬಡಿಯುವವರಿದ್ದಾರೆ, ಓಡಿ ಹೋದದ್ದಕ್ಕೆ ಶಿಕ್ಷೆ ಎಂದು. ನಾಯಿಯ ಲೆಕ್ಕದಲ್ಲಿ ಅದು ಬಂದದ್ದಕ್ಕೆ ಬಿದ್ದ ಪೆಟ್ಟು. ಮುಧೋಳ ನಾಯಿ ಪೆಟ್ಟನ್ನು ಬೇಗ ಮರೆಯುವ ಜಾತಿಯಲ್ಲ. ಮುಂದೆ ಕರೆದಾಗ ನಾಲ್ಕು ಮಾರು ದೂರದಲ್ಲಿ ನಿಲ್ಲುತ್ತದೆ, ಕೈಗೆ ಸಿಗುವುದಿಲ್ಲ.

ಕುರಿಹಟ್ಟಿಯ ನಾಯಿಗೆ ಇನ್ನೂ ಒಂದು ಪಾಠ ಬಾಕಿಯಿರುತ್ತದೆ. ಬೆನ್ನಟ್ಟಲು ಹುಟ್ಟಿದ ಪ್ರಾಣಿ ಓಡುವ ಕುರಿಯನ್ನು ಬೆನ್ನಟ್ಟಬಾರದು. ಅದಕ್ಕೆ ಕುರುಬರು ಮರಿಯನ್ನು ಎಳೆತನದಲ್ಲೇ ಹಿಂಡಿನ ನಡುವೆ ಬೆಳೆಸುತ್ತಾರೆ. ರಾತ್ರಿ ಕುರಿಮರಿಗಳ ಪಕ್ಕದಲ್ಲೇ ಮಲಗಿ, ಹಗಲು ಹಿಂಡಿನ ಹಿಂದೆ ಹಗ್ಗದಲ್ಲಿ ನಡೆದು ಅದಕ್ಕೆ ಆ ವಾಸನೆ ಮನೆಯ ವಾಸನೆಯಾಗುತ್ತದೆ. ಅತಿ ಸಲಿಗೆ ತೋರಿದರೆ ಈದ ಕುರಿಯೇ ಒಂದು ಗುದ್ದು ಕೊಡುತ್ತದೆ. ಆ ಗುದ್ದಿಗಿಂತ ಒಳ್ಳೆಯ ಗುರುವಿಲ್ಲ. ಆಮೇಲೆ ‘ಬಿಡು’ ಎಂಬ ಮಾತನ್ನು ಕುರಿಯ ಮುಂದೆ, ಕೋಳಿಯ ಮುಂದೆ, ಬೆಕ್ಕಿನ ಮುಂದೆ ಹೇಳಿ ಹೇಳಿ ರೂಢಿ ಮಾಡಿಸುತ್ತಾರೆ. ಕುರುಬರ ಮನೆಗಳಲ್ಲಿ ನಾಯಿಗೆ ಇನ್ನೊಂದು ಸ್ಥಾನವೂ ಉಂಟು: ಮೈಲಾರಲಿಂಗ ದೇವರ ಜೊತೆ ನಾಯಿ ಇದ್ದೇ ಇರುತ್ತದೆ, ಅವನ ಜಾತ್ರೆಯಲ್ಲಿ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುತ್ತಾರೆ. ಹಟ್ಟಿಯ ನಾಯಿಗೆ ಮೊದಲ ತುತ್ತು ಹಾಕುವಾಗಿನ ಅಕ್ಕರೆಯಲ್ಲಿ ಈ ಭಕ್ತಿಯ ಪಾಲೂ ಇದೆ.

ನೆಲ ನೋಡಿ ಓಡಿಸುವುದೂ ಈ ಕಸುಬಿನ ಭಾಗವೇ. ಡೋಣಿ ನದಿ ಸಾಲಿನ ಎರೆಭೂಮಿ ಮಳೆಗಾಲದಲ್ಲಿ ಪಾದಕ್ಕೆ ಮೆತ್ತಿಕೊಂಡು ಬೆರಳ ಸಂದು ಕೊಯ್ಯುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಪೂರಾ ವೇಗದ ನಾಯಿಯ ಮುಂಗಾಲು ಆ ಬಿರುಕಿಗೆ ಸಿಕ್ಕರೆ ಮುರಿಯಿತೆಂದೇ ಲೆಕ್ಕ. ಜೋಳ ಕೊಯ್ದ ಹೊಲ ಖಾಲಿ ಕಂಡರೂ ಕೂಳೆ ಮೊನಚಾಗಿ ನಿಂತಿರುತ್ತದೆ, ಈ ನಾಯಿಯ ತೊಗಲು ಬಹಳ ತೆಳು, ಒಂದು ಗೀರಿಗೆ ಹರಿಯುತ್ತದೆ. ಹರಗಿದ ಹೊಲ, ಹುಲ್ಲಿನ ಮಡ್ಡಿ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿದು. ಓಟವೆಲ್ಲ ಸೂರ್ಯ ಹುಟ್ಟುವುದರೊಳಗೆ ಮುಗಿಯಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಮನೆಗೆ ಬಂದ ಮೇಲೆ ಬೆರಳ ಸಂದಿಯ ನೆಗ್ಗಿಲು ಮುಳ್ಳು, ಕಿವಿಯೊಳಗಿನ ಉಣ್ಣಿ ನೋಡುವುದು ದಿನದ ಕೆಲಸ. ಇನ್ನು ಮೋಟರ್ ಸೈಕಲ್ಲಿಗೆ ಹಗ್ಗ ಕಟ್ಟಿ ಡಾಂಬರು ರಸ್ತೆಯಲ್ಲಿ ಮರಿ ಓಡಿಸುವ ಹೊಸ ಚಟವೊಂದು ಬಂದಿದೆ. ಒಂದು ವರ್ಷ ತುಂಬುವ ಮೊದಲು ಎಲುಬಿನ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಹೀಗೆ ಓಡಿಸಿದ ಮರಿ ಮುಂದೆ ಕುಂಟುತ್ತದೆ. ಇದು ಪಳಗಿಸುವುದಲ್ಲ, ಹಿಂಸೆ.

ಬೇಟೆಯ ಮಾತು. ಮೊಲದ ಮೇಲೆ ‘ಛೂ’ ಬಿಡುವುದು ಒಂದು ಕಾಲಕ್ಕೆ ಹಬ್ಬದ ಸಂಭ್ರಮವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ, ಕೃಷ್ಣಮೃಗ ಯಾವುದನ್ನೂ ನಾಯಿ ಬಿಟ್ಟು ಹಿಡಿಯುವಂತಿಲ್ಲ, ಹಿಡಿಯಲೂಬಾರದು. ಬೇಟೆಯಿಲ್ಲದೆ ಈ ತಳಿ ಉಳಿಯದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಖುಷಿ ಇರುವುದು ಓಟದಲ್ಲಿ. ಹಗ್ಗಕ್ಕೆ ಬಟ್ಟೆಯ ತುಂಡು ಕಟ್ಟಿ ಎಳೆದರೂ ನಾಯಿ ಅದೇ ಉತ್ಸಾಹದಿಂದ ಬೆನ್ನಟ್ಟುತ್ತದೆ.

ಲಸಿಕೆಯ ವಿಷಯದಲ್ಲಿ ಚೌಕಾಸಿ ಬೇಡ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ. ಅದಕ್ಕೂ ಮೊದಲೇ ಪಾರ್ವೊ, ಡಿಸ್ಟೆಂಪರ್ ಲಸಿಕೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಮದ್ದಿಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಇಷ್ಟು ಪಾಡು ಪಡುವುದು ಏತಕ್ಕೆ? ವಸ್ತಿಯಲ್ಲಿ ಒಂಟಿಯಾಗಿ ಇರುವವರನ್ನು ಕೇಳಿ. ಈ ನಾಯಿ ವಿನಾಕಾರಣ ಬೊಗಳುವುದಿಲ್ಲ, ಅದು ರಾತ್ರಿ ಎದ್ದು ಒಂದು ಸಲ ಗುರುಗುಟ್ಟಿದರೂ ಮನೆಯವರು ಬ್ಯಾಟರಿ ಹಿಡಿದು ಹೊರಗೆ ಬರುತ್ತಾರೆ. ಹೊಸಬರ ಕೈಯನ್ನು ಮೈಮೇಲೆ ಇಡಗೊಡದ ಅದೇ ನಾಯಿ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತರೆ ಬಂದು ತೊಡೆಗೆ ತನ್ನ ಉದ್ದ ಮುಖ ಆನಿಸಿ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಿನದು ಮೊದಲ ಬಾರಿಗೆ ಹಗ್ಗ ಬಿಚ್ಚಿದ ದಿನ. ಮಡ್ಡಿಯ ಆಚೆ ಅಂಚಿನ ತನಕ ಹೋಗಿ ಚುಕ್ಕೆಯಾದ ನಾಯಿ, ಕೈ ಎತ್ತಿದ್ದು ಕಂಡು, ಬಾಗಿದ ಗೆರೆಯೊಂದನ್ನು ಬಯಲಿನ ಮೇಲೆ ಎಳೆಯುತ್ತ ನಿಮ್ಮತ್ತಲೇ ಬರುವುದಿದೆಯಲ್ಲ, ಅದನ್ನು ಒಮ್ಮೆ ಕಂಡವರು ಬೇರೆ ನಾಯಿ ಬೇಡುವುದಿಲ್ಲ.

ಮರಿ ತರಬೇಕೆನ್ನುವವರಿಗೆ ನನ್ನ ವಿನಂತಿ ಇಷ್ಟು. ಹಣ ಕೊಡುವ ಮೊದಲು ಒಮ್ಮೆ ತಿಮ್ಮಾಪುರಕ್ಕೆ ಹೋಗಿ ಬೆಳೆದ ನಾಯಿಗಳನ್ನು ಕಣ್ಣಾರೆ ನೋಡಿ. ಸಾಧ್ಯವಾದರೆ ನಿಮ್ಮದೇ ತಾಲ್ಲೂಕಿನ ಕುರಿಹಟ್ಟಿಯೊಂದರಲ್ಲಿ ಹಳೆಯ ಕುರಿಗಾರರ ಜೊತೆ ಒಂದು ಬೆಳಗು ಕಳೆಯಿರಿ, ಅವರು ಹಗ್ಗ ಹಿಡಿಯುವ ಕೈಯನ್ನು ಗಮನಿಸಿ. ಓಡಲು ಬಯಲು, ದಿನಕ್ಕೆ ಒಂದು ತಾಸು ಸಮಯ, ಇವೆರಡೂ ಇದ್ದರೆ ಧೈರ್ಯವಾಗಿ ತನ್ನಿ. ಎರಡರಲ್ಲಿ ಒಂದಿಲ್ಲದಿದ್ದರೂ ಈ ನಾಯಿಯನ್ನು ತಂದು ಸರಪಳಿಗೆ ಕಟ್ಟಬೇಡಿ.